ಆಟಕ್ಕೆ ಕೂರುವ ಮುನ್ನ ಮನೆಯ ಪಾಳಿ ಒಪ್ಪಿಸಿ

"ಅಮ್ಮಾ, ಇದು ಎಷ್ಟನೇ ವಲಯ?"

ಹೀಗೆ ಕೇಳಿದಾಗ ನನ್ನ ಮಗನಿಗೆ ಆರು ವರ್ಷ. ನಾನು ಫೋನಿನಲ್ಲಿ ಆಡುವ ಬಿಜಿಎಂಐ ಎಂಬ ಬಂದೂಕಿನ ಆಟವನ್ನು ಅವನು ಒಂದು ದಿನವೂ ಆಡಿದವನಲ್ಲ. ಆದರೂ ಆಟಗಾರರು ಒಳಗೇ ಇರಬೇಕಾದ ನೀಲಿ ಗೆರೆಯ ವಲಯ ಕುಗ್ಗುತ್ತಾ ಕುಗ್ಗುತ್ತಾ ಬಂದು ಆಟ ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಮೊದಲನೆಯ ವಲಯವಾದರೆ ಅಮ್ಮ ಈಗ ಸಿಗುವುದಿಲ್ಲ, ಕೊನೆಯದಾದರೆ ಬೇಗ ಸಿಗುತ್ತಾಳೆ ಎಂದು ತಾನೇ ಲೆಕ್ಕ ಕಟ್ಟಿಕೊಂಡಿದ್ದ. ಅಂದು ಸಂಡೇ ಸ್ಕೂಲಿಗಾಗಿ ಸತ್ಯವೇದದ (ಬೈಬಲಿನ) 121ನೆಯ ಕೀರ್ತನೆಯನ್ನು ಬಾಯಿಪಾಠ ಮಾಡಿಕೊಂಡು, ನನ್ನ ಮುಂದೆ ಒಪ್ಪಿಸಲು ಬಂದಿದ್ದ. ಕಣ್ಣೆತ್ತಿ ಪರ್ವತಗಳ ಕಡೆಗೆ ನೋಡುವ ಮಾತಿನಿಂದ ಶುರುವಾಗುವ ಕೀರ್ತನೆ ಅದು. ನಾನು ಫೋನಿನಿಂದ ಕಣ್ಣೆತ್ತದೆಯೇ "ಮೂರನೆಯದು" ಎಂದೆ. "ಹಾಗಾದರೆ ಇನ್ನೂ ಹೊತ್ತಿದೆ" ಎಂದುಕೊಂಡು ಅವನು ಹೊಸ್ತಿಲ ಮೇಲೆ ಹೋಗಿ ಕುಳಿತ. ಆಟ ಮುಗಿಸಿ ನೋಡುವಾಗ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದ.

ಆ ಕೀರ್ತನೆಯ ತುಂಬ ಕಾಯುವ ಮಾತೇ ಇದೆ. ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂದು ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ರಕ್ಷಿಸುವುದಕ್ಕೂ ಎದುರು ನೋಡುತ್ತಾ ಕೂರುವುದಕ್ಕೂ ನಮ್ಮ ಕನ್ನಡದಲ್ಲಿ ಒಂದೇ ಮಾತು. ಅವನನ್ನು ಕಾಯಬೇಕಾದವಳು ನಾನು. ಅಂದು ಕಾಯುತ್ತಾ ಕುಳಿತವನು ಅವನು. ಮುಂದೆ ಬರೆದಿರುವ ಎಲ್ಲ ಕ್ರಮಗಳೂ ಆ ಹೊಸ್ತಿಲಿನಿಂದ ಹುಟ್ಟಿದವು.

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಅತ್ತೆ ಇದ್ದಾರೆ, ಪಿಯುಸಿ ಓದುವ ಮಗಳಿದ್ದಾಳೆ, ಈಗ ಹತ್ತು ವರ್ಷವಾಗಿರುವ ಈ ಮಗ ಇದ್ದಾನೆ. ನಾನು ಆಟ ಕಲಿತದ್ದು 2020ರ ಜುಲೈನಲ್ಲಿ. ಕೋವಿಡ್ ವಾರ್ಡಿನ ಪಾಳಿ ಮುಗಿಸಿ ಹಾಸ್ಟೆಲಿನಲ್ಲಿ ಕ್ವಾರಂಟೈನ್ ಇದ್ದಾಗ ಪುಣೆಯಲ್ಲಿರುವ ತಮ್ಮ ಫೋನಿನಲ್ಲೇ ಪಬ್‌ಜಿ ಹೇಳಿಕೊಟ್ಟ. ಬೆಳಗಿನಿಂದ ಪಿಪಿಇ ಕಿಟ್ಟಿನೊಳಗೆ ಬೆಂದು ಬಂದ ಮೇಲೆ ಕಿವಿಯಲ್ಲಿ ತಮ್ಮನ ದನಿ ಕೇಳಿದರೆ ಸಾಕು ಎನ್ನಿಸುವ ದಿನಗಳು ಅವು. ಆ ಹೊತ್ತಿನ ಆಟಕ್ಕೆ ನಾನು ಇಂದಿಗೂ ದೇವರಿಗೆ ಕೃತಜ್ಞಳು. ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. 2021ರಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿದಾಗ ನಾನೂ ಮರಳಿದೆ. ಆದರೆ ಈ ಸಲ ಸುತ್ತ ಸಂಸಾರವಿತ್ತು. ನಾನು ಮಾತ್ರ ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಇದ್ದವಳಂತೆ ಆಡುತ್ತಿದ್ದೆ.

ನಿಮಿಷ ಎಣಿಸಬೇಡಿ, ಆಟದ ಅಳತೆ ತಿಳಿದುಕೊಳ್ಳಿ

"ದಿನಕ್ಕೆ ಒಂದು ಗಂಟೆ ಮಾತ್ರ" ಎಂಬ ನಿಯಮವನ್ನು ನಾನು ಮೂರು ಸಲ ಮಾಡಿ ಮೂರು ಸಲವೂ ಮುರಿದೆ. ಗಂಟೆ ಮುಗಿಯುವಾಗ ಆಟ ನಡುವಿನಲ್ಲಿರುತ್ತದೆ. ಜೊತೆಯ ಮೂವರನ್ನು ಬಿಟ್ಟು ಏಳುವುದು ಅನ್ಯಾಯ ಎನ್ನಿಸುತ್ತದೆ, ಆಗ ಗಡಿಯಾರ ಸೋಲುತ್ತದೆ. ಆದ್ದರಿಂದ ಮೊದಲು ಮಾಡಬೇಕಾದದ್ದು, ನೀವು ಆಡುವ ಪ್ರತಿ ಆಟವೂ ಎಷ್ಟು ದೊಡ್ಡ ತುಂಡುಗಳಲ್ಲಿ ಬರುತ್ತದೆ ಎಂದು ನೋಡಿಕೊಳ್ಳುವುದು.

ಬಿಜಿಎಂಐನಲ್ಲಿ ಆಟ ನಡೆಯುವ ಜಾಗಕ್ಕೆ ನಕ್ಷೆ ಎನ್ನುತ್ತಾರೆ. ಎರಂಗಲ್ ನಕ್ಷೆ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ಕೊನೆಯವರೆಗೂ ಬದುಕುಳಿದರೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಲಿವಿಕ್ ನಕ್ಷೆ 2 ಕಿಲೋಮೀಟರಿನದು. ಅದು ಹೆಚ್ಚುಕಡಿಮೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಎರಡು ತಂಡಗಳು ಒಬ್ಬರನ್ನೊಬ್ಬರು ಹೊಡೆದು ಅಂಕ ಗಳಿಸುವ ಡೆತ್‌ಮ್ಯಾಚ್ ಇನ್ನೂ ಚಿಕ್ಕದು. ಇವು ಯಾವುದನ್ನೂ ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಹೊಲ ಮಾಡುವ ಆಟದ್ದು ಬೇರೆ ರೀತಿ. ಅದರೊಳಗಿನ ಒಂದು ದಿನ ನಮ್ಮ ಸುಮಾರು 14 ನಿಮಿಷ. ರಾತ್ರಿ ಮಲಗಿದಾಗ ಆ ದಿನದ ದುಡಿಮೆ ಉಳಿದುಕೊಳ್ಳುತ್ತದೆ. ಯಾರಾದರೂ ಕರೆದರೆ ಒಂದು ಗುಂಡಿ ಒತ್ತಿ ನಿಲ್ಲಿಸಿ ಏಳಬಹುದು.

ಈ ಒಂದು ವ್ಯತ್ಯಾಸದ ಮೇಲೆ ನನ್ನ ಮನೆಯ ಕ್ರಮವೆಲ್ಲ ನಿಂತಿದೆ. ನಿಲ್ಲಿಸಲಾಗದ ಆಟವನ್ನು, ಮನೆಯಲ್ಲಿ ಯಾರೂ ನನಗಾಗಿ ಕಾಯದ ಹೊತ್ತಿನಲ್ಲಿ ಮಾತ್ರ ಆಡುತ್ತೇನೆ. ನಿಲ್ಲಿಸಬಹುದಾದ ಆಟವನ್ನು ಮಕ್ಕಳು ಎದ್ದಿರುವಾಗ, ಸಾಧ್ಯವಾದರೆ ಅವರ ಜೊತೆಯಲ್ಲೇ ಆಡುತ್ತೇನೆ. "ಒಂದು ಗಂಟೆ" ಎಂದು ಹೇಳುವುದನ್ನು ಬಿಟ್ಟು "ಒಂದು ಎರಂಗಲ್" ಅಥವಾ "ಎರಡು ಲಿವಿಕ್" ಎಂದು ಹೇಳತೊಡಗಿದ ಮೇಲೆ ಮಾತು ಉಳಿಸಿಕೊಳ್ಳುವುದು ಸುಲಭವಾಯಿತು.

ಒಪ್ಪಿಸಿ ಏಳುವುದು

ಆಸ್ಪತ್ರೆಯಲ್ಲಿ ಪಾಳಿ ಮುಗಿಯಿತೆಂದು ನಾವು ಸುಮ್ಮನೆ ಎದ್ದು ಬರುವಂತಿಲ್ಲ. ಮುಂದಿನ ಪಾಳಿಯವರ ಜೊತೆ ಹಾಸಿಗೆಯಿಂದ ಹಾಸಿಗೆಗೆ ನಡೆದು, ಇವರಿಗೆ ಡ್ರಿಪ್ ಎಷ್ಟು ಹೋಗಿದೆ, ಆ ಅಜ್ಜನಿಗೆ ಯಾವ ಮಾತ್ರೆ ಬಾಕಿ, ಯಾರ ಜ್ವರದ ಮೇಲೆ ಕಣ್ಣಿಡಬೇಕು ಎಂದು ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಮನಸ್ಸೂ ಹಗುರ. ಇದೇ ಅಭ್ಯಾಸವನ್ನು ಮನೆಗೆ ತಂದೆ.

ರಾತ್ರಿ ಊಟ, ಪ್ರಾರ್ಥನೆ ಮುಗಿದ ಮೇಲೆ ನಮ್ಮ ಮನೆಯವರ ಹತ್ತಿರ ಹೋಗಿ ಒಪ್ಪಿಸುತ್ತೇನೆ: "ಅತ್ತೆಯವರಿಗೆ ಬಿಪಿ ಮಾತ್ರೆ ಕೊಟ್ಟಾಯಿತು. ಇವನ ನಾಳೆಯ ಚೀಲ ಸಿದ್ಧವಿದೆ, ಗಣಿತದ ಹೋಂವರ್ಕ್ ಮಾತ್ರ ನೀವು ನೋಡಬೇಕು. ಒಲೆಯ ಮೇಲೆ ಹಾಲಿದೆ, ಹೆಪ್ಪು ಹಾಕಿಲ್ಲ. ಈಗ ಒಂಬತ್ತೂವರೆ. ಒಂದು ಎರಂಗಲ್, ಹತ್ತು ಗಂಟೆಗೆ ನಾನು ಹಾಲಿನ ಹತ್ತಿರ ಇರುತ್ತೇನೆ." ಅವರು "ಆಯಿತು" ಎಂದರೆ ಮಾತ್ರ ಹೆಡ್‌ಫೋನ್ ಹಾಕುತ್ತೇನೆ. "ಇವತ್ತು ನನಗೆ ಬಹಳ ದಣಿವಾಗಿದೆ" ಎಂದರೆ ಅಂದು ಆಟವಿಲ್ಲ. ಡಿಪೋದಿಂದ ಎಂಜಿನ್ ಇಳಿಸಿ ಬಂದವರ ಮೇಲೆ ಇನ್ನೊಂದು ಪಾಳಿ ಹೇರುವುದು ತಪ್ಪು.

ಇದು ಎರಡೂ ಕಡೆಗೆ ನಡೆಯಬೇಕು. ಅವರು ಕ್ರಿಕೆಟ್ ನೋಡಲು ಕೂರುವಾಗ ನನಗೆ ಒಪ್ಪಿಸುತ್ತಾರೆ. ಗಂಡಸರು ಒಪ್ಪಿಸದೆಯೇ ಕೂತರೂ ಯಾರೂ ಕೇಳದ ಮನೆಗಳು ನಮ್ಮಲ್ಲಿ ಬಹಳ ಇವೆ. ಅಂಥ ಮನೆಯ ಅಣ್ಣಂದಿರಿಗೆ ನನ್ನ ಬೇಡಿಕೆ ಇಷ್ಟೇ: ನೀವು ಆಡುವ ಅರ್ಧ ಗಂಟೆಯಲ್ಲಿ ಯಾರ ಕೈ ಕೆಲಸ ಮಾಡುತ್ತಿದೆ ಎಂದು ಒಂದು ವಾರ ನೋಡಿ, ಆಮೇಲೆ ಒಪ್ಪಿಸುವುದನ್ನು ಶುರು ಮಾಡಿ.

ಪಾಪವೇ ಎಂಬ ಪ್ರಶ್ನೆ

ನಮ್ಮ ಚರ್ಚಿನ ಮಹಿಳಾ ಕೂಟದಲ್ಲಿ ಒಮ್ಮೆ ಮಾತು ಬಂತು. ಬಂದೂಕಿನ ಆಟ ಕ್ರೈಸ್ತರಿಗೆ ತಕ್ಕದ್ದಲ್ಲ ಎಂದು ಒಬ್ಬ ಹಿರಿಯರು ಹೇಳಿದರು. ನಾನು ಆ ದಿನ ಬಾಯಿ ಬಿಡಲಿಲ್ಲ. ಆಮೇಲೆ ಸಭಾಪಾಲಕರ ಮನೆಗೆ ಹೋಗಿ ನೇರವಾಗಿ ಕೇಳಿದೆ. ಹೌದು, ಅಲ್ಲ ಎನ್ನುವ ಮೊದಲು ಅವರು ನನ್ನನ್ನೇ ಕೇಳಿದರು: "ಆಟ ಮುಗಿದ ಕೂಡಲೇ ಮನೆಯವರೊಡನೆ ಮಾತನಾಡುವ ನಿನ್ನ ದನಿ ಹೇಗಿರುತ್ತದಮ್ಮಾ?"

ಮನೆಗೆ ಬಂದು ಒಂದು ವಾರ ಗಮನಿಸಿದೆ. ಗೆದ್ದ ದಿನ ದನಿ ಚೆನ್ನಾಗಿರುತ್ತಿತ್ತು. ಸೋತ ದಿನ, ಅದರಲ್ಲೂ ಎರಡನೆಯ ಸ್ಥಾನಕ್ಕೆ ಬಂದು ಸೋತ ದಿನ, ನೀರು ಕೇಳಿದ ಮಗಳಿಗೂ ಗದರುತ್ತಿದ್ದೆ. ಅಂದಿನಿಂದ ಆಟ ಮುಗಿದ ಮೇಲೆ ಐದು ನಿಮಿಷ ಯಾರೊಡನೆಯೂ ಮಾತಿಲ್ಲ. ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕುತ್ತೇನೆ, ಪಾತ್ರೆ ತೊಳೆಯುತ್ತೇನೆ, ಮನಸ್ಸಿನಲ್ಲೇ ಚಿಕ್ಕ ಪ್ರಾರ್ಥನೆ ಮಾಡುತ್ತೇನೆ. ಎದೆಬಡಿತ ಇಳಿದ ಮೇಲೆ ಮಾತು.

ಬಂದೂಕಿನ ಬಗ್ಗೆ ನನ್ನ ಮನಸ್ಸು ಒಂದು ನಿಲುವಿಗೆ ಬಂದಿದೆ, ನಿಮ್ಮದು ಬೇರೆಯಾಗಿರಬಹುದು. ನಾಲ್ಕು ಜನ ಸೇರಿ ಆಡುವ ಪೈಪೋಟಿಯ ಆಟವನ್ನು ನಾನು ಕಬಡ್ಡಿಯಂತೆ ಕಾಣುತ್ತೇನೆ. ಆದರೆ ನೋವು ಕೊಡುವುದನ್ನೇ ಸವಿಯಾಗಿ ತೋರಿಸುವ ಆಟವನ್ನು ಮುಟ್ಟುವುದಿಲ್ಲ. ಗಾಯ ತೊಳೆದು ಬಂದ ಕೈ ಇದು; ಅದಕ್ಕೆ ಆ ಸವಿ ಒಗ್ಗುವುದಿಲ್ಲ.

ಇನ್ನೂ ಆಳವಾದ ಪರೀಕ್ಷೆ ಸತ್ಯವೇದದಲ್ಲಿ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯದಲ್ಲಿದೆ. ಎಲ್ಲದಕ್ಕೂ ಸ್ವಾತಂತ್ರ್ಯವಿದ್ದರೂ ಯಾವುದರ ಅಧೀನಕ್ಕೂ ಒಳಗಾಗುವುದಿಲ್ಲ ಎಂದು ಪೌಲನು ಅಲ್ಲಿ ಹೇಳುತ್ತಾನೆ. ಇದನ್ನು ಪರೀಕ್ಷಿಸುವ ದಾರಿ ಸರಳ. ಆಡಲು ಎಲ್ಲ ಅನುಕೂಲವಿರುವ ಒಂದು ರಾತ್ರಿಯನ್ನು ಆರಿಸಿಕೊಂಡು, "ಇವತ್ತು ಬೇಡ" ಎಂದು ನಿರ್ಧರಿಸಿ. ಆ ರಾತ್ರಿ ಕೈ ಎಷ್ಟು ಸಲ ಫೋನಿನ ಕಡೆ ಹೋಯಿತು ಎಂದು ಎಣಿಸಿ. ನಾನು ಮೊದಲ ಸಲ ಎಣಿಸಿದಾಗ ಹನ್ನೊಂದು ಸಲ ಹೋಗಿತ್ತು.

ಕೈ ಹಾಗೆ ಹೋಗುವುದರ ಹಿಂದೆ ಆಟದ ಕಟ್ಟಡವೂ ಇದೆ. ದಿನಾ ತೆರೆದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ, ಸೀಸನ್ ಮುಗಿಯುವಷ್ಟರಲ್ಲಿ ಇಷ್ಟು ಅಂಕ ಎಂಬ ಒತ್ತಡ. ಇವನ್ನು ತಿಳಿದೇ ಇಟ್ಟಿದ್ದಾರೆ. ನಾನು ಮಾಡಿದ ಮೊದಲ ಕೆಲಸ ಆಟದ ಎಲ್ಲ ನೋಟಿಫಿಕೇಶನ್‌ಗಳನ್ನು ಮುಚ್ಚಿದ್ದು. ಎರಡನೆಯದು, ದಿನದ ಬಹುಮಾನಗಳನ್ನು ಕೈಬಿಟ್ಟದ್ದು. ಎರಡು ವಾರ ಕಷ್ಟವಾಯಿತು, ಆಮೇಲೆ ನೆನಪೂ ಆಗಲಿಲ್ಲ.

ಪ್ರಾರ್ಥನೆ, ಶನಿವಾರ, ಭಾನುವಾರ

ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆ ರಾತ್ರಿ ಎಂಟೂವರೆಗೆ. ಅತ್ತೆಯವರು ಒಂದು ಹಾಡು ಎತ್ತುತ್ತಾರೆ, ಒಬ್ಬರು ಸತ್ಯವೇದ ಓದುತ್ತಾರೆ, ಒಬ್ಬರು ಪ್ರಾರ್ಥಿಸುತ್ತಾರೆ. ಮೊದಲು ನಾನು ಪ್ರಾರ್ಥನೆಗೆ ಮುನ್ನ "ಒಂದು ಮ್ಯಾಚ್" ಆಡುತ್ತಿದ್ದೆ. ಆಮೆನ್ ಎನ್ನುವಾಗಲೂ ತಲೆಯಲ್ಲಿ ಹೆಜ್ಜೆ ಸಪ್ಪಳ ಕೇಳುತ್ತಿತ್ತು. ಈಗ ಆಟ ಯಾವಾಗಲೂ ಪ್ರಾರ್ಥನೆಯ ನಂತರ. ನನಗೆ ಮಧ್ಯಾಹ್ನದ ಪಾಳಿ ಇದ್ದು ಮನೆಗೆ ಬರುವಾಗ ಒಂಬತ್ತಾದರೆ, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಎರಡು ಮಾತು ಪ್ರಾರ್ಥಿಸಿದ ಮೇಲೆಯೇ ಮಿಕ್ಕದ್ದು.

ಭಾನುವಾರ ಹಾಳಾಗುವುದು ಶನಿವಾರ ರಾತ್ರಿಯೇ. ತಮ್ಮನಿಗೆ ಬಿಡುವಿರುವುದು ಅದೊಂದೇ ರಾತ್ರಿ, ಆದ್ದರಿಂದ "ಇನ್ನೊಂದು, ಇನ್ನೊಂದು" ಎಂದು ಒಂದು ಗಂಟೆಯಾಗುತ್ತಿತ್ತು. ಬೆಳಿಗ್ಗೆ ಆರಾಧನೆಗೆ ಹೋಗುವಾಗ ಜಗಳ, ಪ್ರಸಂಗದ ಹೊತ್ತಿಗೆ ನಿದ್ದೆ. ಈಗ ಶನಿವಾರ ಎರಡೇ ಮ್ಯಾಚ್, ಹತ್ತೂವರೆಗೆ ಮುಗಿಯಲೇಬೇಕು. ಫೋನನ್ನು ಅಡುಗೆಮನೆಯ ಕಪಾಟಿನಲ್ಲಿ ಚಾರ್ಜಿಗೆ ಇಟ್ಟು ಮಲಗುತ್ತೇನೆ. ಆರಾಧನೆಗೆ ಅಚ್ಚಾದ ಸತ್ಯವೇದವನ್ನೇ ಒಯ್ಯುತ್ತೇನೆ. ಫೋನಿನಲ್ಲಿ ವಚನ ಹುಡುಕಲು ಹೋದರೆ ಬೇರೆ ಹತ್ತು ಕಡೆ ಕಣ್ಣು ಹೋಗುತ್ತದೆ.

ಭಾನುವಾರ ಮಧ್ಯಾಹ್ನ ಕೋಳಿ ಸಾರಿನ ಊಟವಾದ ಮೇಲೆ ಸ್ಟಾರ್‌ಡ್ಯೂ ತೆರೆಯುತ್ತೇವೆ. ನಾನು ಒಂದು ದಿನ ಹೊಲ ಮಾಡಿದರೆ ಮಗ ಇನ್ನೊಂದು ದಿನ. ಅತ್ತೆಯವರ ತವರು ಗದಗದ ಕಡೆಯ ಒಕ್ಕಲು ಮನೆತನ. ಮೊದಲು ದೂರದಿಂದ ನೋಡುತ್ತಿದ್ದವರು ಒಂದು ದಿನ ಕನ್ನಡಕ ಹಾಕಿಕೊಂಡು ಹತ್ತಿರ ಬಂದು, "ಮಳೆ ಬರುತ್ತಿದೆಯಲ್ಲೋ, ಯಾಕೆ ನೀರು ಹಾಕುತ್ತೀ?" ಎಂದು ಮೊಮ್ಮಗನನ್ನು ಕೇಳಿದರು. ಅವರ ಮಾತು ನಿಜವಾಗಿತ್ತು. ಆ ಆಟದಲ್ಲಿ ಮಳೆಯ ದಿನ ಬೆಳೆಗೆ ನೀರು ಹಾಕಬೇಕಿಲ್ಲ, ನಾವಿಬ್ಬರೂ ಅದುವರೆಗೆ ಗಮನಿಸಿರಲಿಲ್ಲ. ಈಗ ಬೀಜ ಕೊಳ್ಳುವ ಮುನ್ನ ಅವರನ್ನು ಕೇಳುವುದು ರೂಢಿ.

ಮೈಕ್ ಮತ್ತು ಹಣ

ಗೊತ್ತಿಲ್ಲದವರ ಜೊತೆ ತಂಡ ಕಟ್ಟಿದಾಗ ಹೆಣ್ಣಿನ ದನಿ ಕೇಳಿದರೆ ಕೆಲವರು ಆಡುವ ಮಾತು ಬರೆಯಲು ಬಾರದು. ನಾನು ತಮ್ಮ ಮತ್ತು ಇಬ್ಬರು ಸಹೋದ್ಯೋಗಿಗಳ ಜೊತೆ ಮಾತ್ರ ಆಡುತ್ತೇನೆ. ಅವರಿಲ್ಲದಿದ್ದರೆ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚುತ್ತೇನೆ. ಮಕ್ಕಳಿದ್ದ ಮನೆಯಲ್ಲಿ ಈ ಮಾತುಗಳು ಸ್ಪೀಕರಿನಲ್ಲಿ ಬಂದರೆ ನಾವೇ ಮನೆಯೊಳಗೆ ಕರೆದಂತೆ.

ಹಣದ ವಿಷಯದಲ್ಲಿ ಒಂದೇ ಗೆರೆ: ಆಟದಲ್ಲಿ ಮಾರುವ, ಒಳಗೆ ಏನಿದೆ ಎಂದು ತಿಳಿಯದ ಪೆಟ್ಟಿಗೆಗೆ ಒಂದು ರೂಪಾಯಿಯೂ ಇಲ್ಲ. ಕ್ರೇಟ್ ಎಂದು ಕರೆದರೂ ಅದು ಅದೃಷ್ಟದ ಚೀಟಿಯೇ. ಪಣಕ್ಕೆ ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ರಮ್ಮಿ ಆಟದಲ್ಲಿ ಸಂಬಳ ಕಳೆದುಕೊಂಡವರನ್ನು ಹತ್ತಿರದಿಂದ ಕಂಡವಳಾಗಿ ನನಗೆ ಅದು ಸಮಾಧಾನ ತಂದಿತು. ಪ್ಲೇ ಸ್ಟೋರ್‌ನ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಂದೇ ಮಾಡಿಡಿ.

ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ

ನಡುವೆ 2022ರಲ್ಲಿ ನಿಂತುಹೋಗಿದ್ದ ಬಿಜಿಎಂಐ 2023ರ ಮೇ ತಿಂಗಳಲ್ಲಿ ಮತ್ತೆ ಬಂದಾಗ, 18 ತುಂಬದವರಿಗೆ ದಿನಕ್ಕೆ 3 ಗಂಟೆ, ದೊಡ್ಡವರಿಗೆ 6 ಗಂಟೆ ಎಂಬ ಮಿತಿಯೊಡನೆ ಬಂತು. ಅದು ಆಟದವರ ಮಿತಿ. ಶಾಲೆ, ಕಾಲೇಜಿಗೆ ಹೋಗುವ ಮಗುವಿಗೆ ದಿನಕ್ಕೆ 3 ಗಂಟೆ ಬಹಳ ಹೆಚ್ಚಾಯಿತು. ನನ್ನ ಮಗಳಿಗೆ ಹದಿನಾರು ತುಂಬಿದ ಮೇಲೆ ಶನಿವಾರ ಸಂಜೆ ಮಾತ್ರ, ಗೆಳತಿಯರ ಜೊತೆ ಮೂರು ಲಿವಿಕ್ ಎಂದು ಅವಳೊಡನೆ ಕೂತು ಗೊತ್ತು ಮಾಡಿದೆವು. ಮಗನ ಟ್ಯಾಬಿನಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್ ಇದೆ. ಮಲಗುವ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನು ಗುಟ್ಟಾಗಿ ಹಾಕದೆ, ಯಾಕೆ ಹಾಕುತ್ತಿದ್ದೇನೆ ಎಂದು ಅವನಿಗೆ ತೋರಿಸಿಯೇ ಹಾಕಿದೆ.

ಊಟಕ್ಕೆ ಕರೆಯುವಾಗ ಈಗ ನಾನು ಮಗಳನ್ನು ಕೇಳುತ್ತೇನೆ: "ಎಷ್ಟನೇ ವಲಯ?" ಅವಳು "ಕೊನೆಯದರ ಹಿಂದಿನದು" ಎಂದರೆ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ನಾಲ್ಕು ನಿಮಿಷ ಕಾಯುತ್ತೇನೆ. ಆಡದ ತಂದೆತಾಯಿಗಳಿಗೆ ಇದು ಅತಿ ಎನ್ನಿಸಬಹುದು. ನಡುವೆ ಕಿತ್ತುಕೊಂಡರೆ ಅವಳು ತಂಡದ ಮೂವರಿಗೆ ಕೊಟ್ಟ ಮಾತು ಮುರಿಯುತ್ತದೆ, ಆ ಸಿಟ್ಟಿನಲ್ಲಿ ಊಟವೂ ಕೆಡುತ್ತದೆ. ಹೊಸ ಮ್ಯಾಚ್ ಶುರು ಮಾಡಬಾರದು ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿಯುತ್ತೇವೆ.

ಇಷ್ಟೆಲ್ಲ ಮಾಡಿದರೂ ಹತೋಟಿಗೆ ಸಿಗದಿದ್ದರೆ, ನಿದ್ದೆ, ಓದು, ಕೆಲಸ ಕೆಡುತ್ತಿದ್ದರೂ ಆಟ ಬಿಡಲಾಗದಿದ್ದರೆ, ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ಐಸಿಡಿ-11 ರೋಗಪಟ್ಟಿಯಲ್ಲಿ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಫೋನ್, ಆಟದ ಚಟಗಳಿಗೆಂದೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಇದೆ. ನಂಬಿಕೆ ಕಡಿಮೆಯಾದ್ದರಿಂದ ಹೀಗಾಯಿತು ಎಂದು ಯಾರಾದರೂ ನಿಮ್ಮ ಮಗುವನ್ನು ಅಂದರೆ ಒಪ್ಪಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ನಾವು ಹಾಗೆ ಹೇಳುವುದಿಲ್ಲ.

ಲೆಂಟಿನ ದಿನಗಳಲ್ಲಿ

ಲೆಂಟ್ ಎಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಅದು ಶುರುವಾಗುವ ಬೂದಿ ಬುಧವಾರದಿಂದ ಈಸ್ಟರಿನವರೆಗೆ ನಾನು ಬಿಜಿಎಂಐಯನ್ನು ಫೋನಿನಿಂದ ತೆಗೆದುಬಿಡುತ್ತೇನೆ. ನೀವೂ ಹಾಗೆ ಮಾಡುವುದಾದರೆ ಮೊದಲು ಖಾತೆಯನ್ನು ನೋಡಿಕೊಳ್ಳಿ. ಅತಿಥಿ ಖಾತೆಯಲ್ಲಿ ಆಡುತ್ತಿದ್ದರೆ ಗಳಿಸಿದ್ದೆಲ್ಲ ಹೋಗಬಹುದು. ಗೂಗಲ್ ಪ್ಲೇ ಖಾತೆಗೆ ಜೋಡಿಸಿದ್ದರೆ ಮರಳಿ ಹಾಕಿದಾಗ ಎಲ್ಲವೂ ಇರುತ್ತದೆ. ಎರಡನೆಯದಾಗಿ, ಆ ಹೊತ್ತನ್ನು ಖಾಲಿ ಬಿಡಬೇಡಿ. ಏನಾದರೂ ಇಡದಿದ್ದರೆ ಇನ್ನೊಂದು ಆ್ಯಪ್ ಬಂದು ಕೂರುತ್ತದೆ.

ಮೊದಲ ವರ್ಷ, ಶನಿವಾರ ರಾತ್ರಿ ಒಂಬತ್ತೂವರೆಗೆ ಆಟದ ಬದಲು ತಮ್ಮನಿಗೆ ಫೋನ್ ಮಾಡುವುದು ಎಂದು ಗೊತ್ತು ಮಾಡಿಕೊಂಡೆವು. ಮೊದಲ ಶನಿವಾರ ಐದು ನಿಮಿಷಕ್ಕೆ ಮಾತು ಮುಗಿಯಿತು. ಎರಡನೆಯ ವಾರ ಅಪ್ಪನ ಮೊಣಕಾಲು ನೋವಿನ ಬಗ್ಗೆ ಮಾತನಾಡಿದೆವು. ಮೂರನೆಯ ವಾರ ಅವನು ಸ್ವಲ್ಪ ಸುಮ್ಮನಿದ್ದು, "ಅಕ್ಕಾ, ನನಗೆ ಸಕ್ಕರೆ ಕಾಯಿಲೆ ಬಂದಿದೆ. ಗೊತ್ತಾಗಿ ಏಳು ತಿಂಗಳಾಯಿತು" ಎಂದ. ಆ ಏಳು ತಿಂಗಳೂ ವಾರ ವಾರವೂ ಅವನ ದನಿ ನನ್ನ ಕಿವಿಯಲ್ಲೇ ಇತ್ತು. ಶತ್ರು ಯಾವ ಮನೆಯ ಹಿಂದೆ ಇದ್ದಾನೆ ಎಂದು ಹೇಳುತ್ತಿತ್ತು.

ಈಸ್ಟರ್ ಆದ ಮೇಲೆ ಆಟ ಮರಳಿ ಶುರುವಾಯಿತು. ಈಗ ಆಟಕ್ಕೆ ಮುನ್ನ ತಂಡ ಕೂಡುವ ಲಾಬಿಯಲ್ಲಿ ಸೇರಿದ ಮೇಲೆ ಹತ್ತು ನಿಮಿಷ ಯಾರೂ ಮ್ಯಾಚ್ ಒತ್ತುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಎಷ್ಟಿತ್ತು ಎಂದು ನಾನು ಕೇಳುತ್ತೇನೆ, ಅವನು ಅಂಕಿ ಹೇಳುತ್ತಾನೆ, ನಾನು ವಾರ್ಡಿನಲ್ಲಿ ಬಳಸುವ ಪುಟ್ಟ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ.